ಹೊಸ ಇನ್ಸುಲಿನ್‌ಗೆ ಕಾದಿದ್ದ ಮೇಡಂ

1982ರ ನವೆಂಬರ್‌ನಲ್ಲಿ, ತುಮಕೂರಿನಿಂದ ಹೊರಡುತ್ತಿದ್ದ ನಮ್ಮ ದಿನಪತ್ರಿಕೆಯ ಮೂರನೇ ಪುಟದಲ್ಲಿ, ಕೊಬ್ಬರಿ ಧಾರಣೆಯ ಕೆಳಗೆ ಒಂದು ಸಣ್ಣ ಸುದ್ದಿ ಅಚ್ಚಾಯಿತು. ಬ್ಯಾಕ್ಟೀರಿಯಾದೊಳಗೆ ಮನುಷ್ಯನ ವಂಶವಾಹಿಯನ್ನು ಸೇರಿಸಿ ತಯಾರಿಸಿದ ಇನ್ಸುಲಿನ್ನಿಗೆ ಅಮೆರಿಕದ ಸರ್ಕಾರ ಒಪ್ಪಿಗೆ ಕೊಟ್ಟಿದೆ ಎಂಬುದು ಆ ಸುದ್ದಿ. ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವನು ನಾನು. ತಿದ್ದಿಕೊಟ್ಟವರು ಗುಬ್ಬಿಯ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ್ದ ಮೇಡಂ.

ಅವರನ್ನು ನೆನೆದರೆ ಮೊದಲು ಕಣ್ಣ ಮುಂದೆ ಬರುವುದು ಬೆನ್ನ ಮೇಲೆ ತೂಗುವ ಬೆಳ್ಳಿ ಕರಡಿಗೆ. ಇಷ್ಟಲಿಂಗವಿರುವ ಕರಡಿಗೆಯನ್ನು ಎಲ್ಲರೂ ಎದೆಯ ಮೇಲೆ ಧರಿಸುತ್ತಾರೆ. ಮೇಡಂ ಸೂಕ್ಷ್ಮದರ್ಶಕದ ಮೇಲೆ ಬಾಗಿದಾಗ ಅದು ಗಾಜಿಗೆ ತಗುಲುತ್ತಿತ್ತು. ಅದಕ್ಕೆ ದಾರವನ್ನು ಹೆಗಲ ಮೇಲಿಂದ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದರು. ಕರಡಿಗೆ ಬೆನ್ನಿಗೆ ಹೋಯಿತೆಂದರೆ ತರಗತಿಯಲ್ಲಿ ಮಾತು ನಿಲ್ಲುತ್ತಿತ್ತು. ಎತ್ತರದ ಹೆಂಗಸು, ತಗ್ಗಿದ ದನಿ. ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ಬಹಳ ಹೊತ್ತು ನೋಡಿ, ಆಮೇಲೆ ನಮ್ಮನ್ನು ಒಬ್ಬೊಬ್ಬರಾಗಿ ಕರೆಯುತ್ತಿದ್ದರು.

ನಾನು ಅಲ್ಲಿ ಓದಿದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಈರುಳ್ಳಿ ಪೊರೆಯ ಜೀವಕೋಶಗಳನ್ನು ನೋಡಿ ಚಿತ್ರ ಬರೆಯಬೇಕಿತ್ತು. ಗಾಜಿನ ಕೆಳಗೆ ನನಗೆ ಕಂಡದ್ದು ಒಂದಷ್ಟು ಮಸುಕು ಗೆರೆ, ಒಂದು ಗಾಳಿಗುಳ್ಳೆ. ಪುಸ್ತಕದಲ್ಲಿ ಇಟ್ಟಿಗೆ ಜೋಡಿಸಿದಂಥ ಅಚ್ಚುಕಟ್ಟಾದ ಚಿತ್ರವಿತ್ತು. ಅದನ್ನೇ ನಕಲು ಮಾಡಿ, ಭಾಗಗಳ ಹೆಸರು ಬರೆದು ಕೊಟ್ಟೆ. ಮೇಡಂ ಹಾಳೆಯನ್ನು ನನ್ನ ಮುಂದಿಟ್ಟರು.

“ಇದು ಪುಸ್ತಕ ಬರೆದವರು ನೋಡಿದ್ದು. ನೀನು ನೋಡಿದ್ದು ಎಲ್ಲಿ?”

ಗಾಳಿಗುಳ್ಳೆ ಕಂಡಿತು ಎಂದೆ. ಹಾಗಾದರೆ ಗಾಳಿಗುಳ್ಳೆಯನ್ನೇ ಬರೆದು, ಪಕ್ಕದಲ್ಲಿ ಗಾಳಿಗುಳ್ಳೆ ಎಂದು ಬರೆ ಅಂದರು. ಪೂರ್ತಿ ಅಂಕ ಕೊಟ್ಟರು. ಮುಂದೆ ಪತ್ರಿಕೆಯಲ್ಲಿ ನನಗೆ ಯಾರೂ ಕಲಿಸಬೇಕಾಗಿ ಬರದ ಪಾಠ ಅದೊಂದೇ.

ಅವರದು ಕುಣಿಗಲ್ ತಾಲ್ಲೂಕಿನ ತವರು. ಮಾರ್ಕೋನಹಳ್ಳಿ ಕಟ್ಟೆಯ ನೀರು ಹರಿಯುವ ಗದ್ದೆಗಳ ಊರು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಗುಬ್ಬಿಯಲ್ಲಿ ನಮ್ಮ ಬೀದಿಯಲ್ಲೇ, ಕೊಬ್ಬರಿ ವ್ಯಾಪಾರದ ಒಂದು ಮನೆಗೆ ಗೋಡೆ ಹಂಚಿಕೊಂಡಿದ್ದ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದರು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡದೆ ಒಂದು ಲೋಟ ನೀರನ್ನೂ ಕುಡಿಯುತ್ತಿರಲಿಲ್ಲ. ದೇಹದ ಒಳಗೆ ಹೋಗುವುದೆಲ್ಲ ಮೊದಲು ಲಿಂಗಕ್ಕೆ ಅರ್ಪಿತವಾಗಬೇಕು ಎಂಬುದು ಅವರ ನೇಮ. ಸ್ಕೂಲಿನ ಕಾಫಿಯನ್ನೂ ಕರಡಿಗೆಯ ಮುಂದೆ ಒಂದು ಗಳಿಗೆ ಹಿಡಿದು ಆಮೇಲೆ ಕುಡಿಯುತ್ತಿದ್ದರು. ಡ್ರಿಲ್ ಮೇಷ್ಟ್ರು ಒಮ್ಮೆ, ಚಾಕ್‌ಪೀಸನ್ನೂ ತೋರಿಸಿಯೇ ಬರೀತೀರಾ ಮೇಡಂ ಎಂದು ಕೆಣಕಿದ್ದರಂತೆ. “ತಿನ್ನೋದಾದ್ರೆ ತೋರಿಸ್ತೀನಿ ಸಾರ್” ಎಂದು ಮೇಡಂ ಉತ್ತರ ಕೊಟ್ಟಿದ್ದು ಸ್ಕೂಲಿನಲ್ಲಿ ಬಹಳ ದಿನ ಓಡಾಡಿತು.

ಪಕ್ಕದ ಕೊಬ್ಬರಿ ವ್ಯಾಪಾರದ ಮನೆಯಲ್ಲಿ ಒಬ್ಬ ಅಜ್ಜಿ. ಅವರೂ ಲಿಂಗಧಾರಿ, ಅಷ್ಟೇ ನೇಮದವರು. ಅಜ್ಜಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಡಾಕ್ಟರು ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಸಿಕೊಳ್ಳಬೇಕೆಂದಾಗ, ಆ ಕೆಲಸಕ್ಕೆ ಮೇಡಂ ಮುಂದೆ ಬಂದರು. ಗಾಜಿನ ಸಿರಿಂಜು, ಸೂಜಿಗಳನ್ನು ಕುದಿಸುವುದು, ಅಳತೆ ನೋಡಿ ಔಷಧಿ ಎಳೆಯುವುದು, ಗುಳ್ಳೆ ಇದ್ದರೆ ಬೆರಳಿನಿಂದ ತಟ್ಟಿ ಹೊರಡಿಸುವುದು, ಎಲ್ಲ ಅವರಿಗೆ ಬರುತ್ತಿತ್ತು. ಫ್ರಿಜ್ ಬೀದಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೇಡಂ ತಮ್ಮ ಮನೆಯಲ್ಲೇ ಒದ್ದೆ ಮರಳು ತುಂಬಿದ ಮಡಕೆಯಲ್ಲಿ ಇಡುತ್ತಿದ್ದರು. ನಾನು ತುಮಕೂರಿನ ಪತ್ರಿಕೆಗೆ ಸೇರಿ ದಿನಾ ರೈಲಿನಲ್ಲಿ ಓಡಾಡಲು ಶುರುಮಾಡಿದ ಮೇಲೆ ಔಷಧಿ ತರುವುದು ನನ್ನ ಪಾಲಿಗೆ ಬಂತು. ಮೆಡಿಕಲ್ ಸ್ಟೋರಿನಲ್ಲಿ ಬಾಟಲಿ ಕೊಂಡು, ಫ್ಲಾಸ್ಕಿಗೆ ಐಸ್ ತುಂಡು ಹಾಕಿಸಿಕೊಂಡು ತರುತ್ತಿದ್ದೆ.

1979ರಲ್ಲಿ ಮೇಡಂಗೂ ಅದೇ ಕಾಯಿಲೆ ಎಂದು ಗೊತ್ತಾಯಿತು. ಅವರು ಅನ್ನ ಬಿಟ್ಟರು, ಮುದ್ದೆ ಸಣ್ಣದಾಯಿತು, ಮಾತ್ರೆ ಶುರುವಾಯಿತು. ಎರಡು ವರ್ಷ ಕಳೆಯುವ ಹೊತ್ತಿಗೆ ತುಮಕೂರಿನ ಡಾಕ್ಟರು ಮಾತ್ರೆ ಸಾಲದು, ಇಂಜೆಕ್ಷನ್ ಬೇಕು ಎಂದು ಪ್ರಮಾಣವನ್ನೂ ಬರೆದುಕೊಟ್ಟರು. ಮೇಡಂ ಒಪ್ಪಲಿಲ್ಲ. ಅಮೆರಿಕದಲ್ಲಿ ಬೇರೆ ಥರದ್ದು ಮಾಡುತ್ತಿದ್ದಾರೆ, ಒಂದು ವಿಜ್ಞಾನ ಪತ್ರಿಕೆಯಲ್ಲಿ ಓದಿದ್ದೇನೆ, ಅದು ಬರಲಿ ಎಂದರು. ಆ ದಿನ ಜೊತೆಗೆ ಹೋಗಿದ್ದ ನನ್ನ ಎದುರೇ ಡಾಕ್ಟರು ಹೇಳಿದರು, “ಅದು ಬರೋ ಹೊತ್ತಿಗೆ ನೋಡೋಕೆ ನಿಮ್ಮ ಕಣ್ಣು ಇರ್ಬೇಕಲ್ಲ ತಾಯಿ.”

ಸಿರಿಂಜು ಹಿಡಿಯಲು ಹೆದರದವರು ತಮಗೆ ಮಾತ್ರ ಯಾಕೆ ಬೇಡ ಎನ್ನುತ್ತಾರೆ ಎಂಬುದು ನನಗೆ ಅರ್ಥವಾಗಿರಲಿಲ್ಲ. ಅರ್ಥವಾದದ್ದು ಆ ಸುದ್ದಿಯನ್ನು ಅನುವಾದ ಮಾಡುವಾಗ.

ಬೆಂಗಳೂರಿನಿಂದ ಬರುವ ಇಂಗ್ಲಿಷ್ ಪತ್ರಿಕೆಯ ಒಳಪುಟದಲ್ಲಿ ಅದಿತ್ತು. ಅದರ ನಡುವೆ ಒಂದು ಸಾಲು: ಇದುವರೆಗೆ ಈ ಔಷಧಿಯನ್ನು ಕಸಾಯಿಖಾನೆಯಲ್ಲಿ ಕಡಿದ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯಲಾಗುತ್ತಿತ್ತು. ಇದನ್ನು ನಾನು ಹತ್ತನೇ ತರಗತಿಯಲ್ಲಿ ಮೇಡಂ ಬಾಯಿಂದಲೇ ಕೇಳಿದ್ದೆ. ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆ. ಅವರು ಅದನ್ನು ವರ್ಷವರ್ಷವೂ ಪಾಠ ಮಾಡಿದವರು. ಮರೆಯಲು ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಅನುವಾದ ಹಿಡಿದುಕೊಂಡು ಅವರ ಮನೆಗೆ ಹೋದೆ. ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ಓದಿದರು. ನಾನು ತಲೆಬರಹಕ್ಕೆ ‘ಮನುಷ್ಯನ ಇನ್ಸುಲಿನ್ ತಯಾರು’ ಎಂದು ಹಾಕಿದ್ದೆ. ಹೀಗೆ ಬರೆದರೆ ಹೆಣದಿಂದ ತೆಗೆದದ್ದು ಅಂದುಕೊಳ್ಳುತ್ತಾರೆ, ಬ್ಯಾಕ್ಟೀರಿಯಾ ಮೊದಲು ಬರಲಿ ಎಂದು ತಿದ್ದಿದರು. ವಂಶವಾಹಿಯನ್ನು ಸೇರಿಸುವುದು ಅಂದರೆ ಏನು ಎಂದು ಓದುಗರಿಗೆ ಹೇಗೆ ಹೇಳಲಿ ಎಂದು ಕೇಳಿದೆ.

“ನಮ್ಮ ಮೈಯಲ್ಲಿ ಏನೇನು ತಯಾರಾಗ್ಬೇಕೋ ಅದನ್ನೆಲ್ಲ ಮಾಡೋ ವಿಧಾನ ಜೀವಕೋಶದ ಒಳಗೇ ಇರುತ್ತೆ. ಅದ್ರಲ್ಲಿ ಒಂದೇ ಒಂದು ಸಾರು ಮಾಡೋ ವಿಧಾನ ತಗೊಂಡು ಪಕ್ಕದ ಮನೆ ಅಡುಗೆಯವಳಿಗೆ ಕೊಟ್ಟಿದಾರೆ. ಆ ಸಾರು ಅವ್ಳಿಗೆ ಬೇಕಾಗಿಲ್ಲ. ಆದ್ರೂ ಮಾಡ್ತಾಳೆ. ಅವ್ಳ ಮಕ್ಕಳು, ಮೊಮ್ಮಕ್ಕಳೂ ಮಾಡ್ತಾ ಹೋಗ್ತಾರೆ. ಇಷ್ಟೇ.”

ಆ ಬ್ಯಾಕ್ಟೀರಿಯಾ ಇರುವುದು ಮನುಷ್ಯನ ಕರುಳಿನಲ್ಲಂತೆ, ಅದರಿಂದ ಬಂದದ್ದನ್ನು ಲಿಂಗಕ್ಕೆ ತೋರಿಸಬಹುದೇ ಎಂದು ಕೇಳಿದೆ. ಅದನ್ನು ಅವರು ಎಂದೋ ಯೋಚಿಸಿ ಮುಗಿಸಿದ್ದರು.

“ಮೊಸರು ಮಾಡೋದೂ ಬ್ಯಾಕ್ಟೀರಿಯಾನೇ ಅಲ್ವೇನೋ. ಅದನ್ನ ದಿನಾ ತೋರಿಸ್ತೀನಲ್ಲ. ಯಾವ ಜೀವಾನೂ ಕತ್ತು ಕೊಡೋ ಹಂಗಿಲ್ಲ, ನಂಗೆ ಅಷ್ಟು ಸಾಕು.”

ಆಮೇಲೆ ತವರಿನ ಒಂದು ಎತ್ತಿನ ವಿಷಯ ಹೇಳಿದರು. ಮುದಿಯಾಗಿ ನೊಗಕ್ಕೆ ಆಗದ ಎತ್ತನ್ನು ಅವರ ತಂದೆ ಸಂತೆಗೆ ಹೊಡೆಯದೆ, ಸಾಯುವ ತನಕ ಕೊಟ್ಟಿಗೆಯಲ್ಲೇ ಮೇವು ಹಾಕಿ ಸಾಕಿದ್ದರು. ಅದಕ್ಕೆ ನುಚ್ಚಿನ ಗಂಜಿ ಕುಡಿಸುತ್ತಿದ್ದದ್ದು ಚಿಕ್ಕ ಹುಡುಗಿಯಾಗಿದ್ದ ಇವರು.

ನಾನು ದನ, ಹಂದಿಯ ಸಾಲನ್ನು ತೋರಿಸಿ, ಇದನ್ನು ಬಿಟ್ಟುಬಿಡಲೇ ಎಂದೆ. ಗೋಡೆಯ ಆಚೆ ಅಜ್ಜಿಯ ಮನೆ. ಅಜ್ಜಿಗೆ ಓದು ಬರದಿದ್ದರೂ ಸೊಸೆ ದಿನಾ ಕೊಬ್ಬರಿ ಧಾರಣೆ ಓದಿ ಹೇಳುತ್ತಾಳೆಂಬುದು ಇಬ್ಬರಿಗೂ ಗೊತ್ತಿತ್ತು. ಮೇಡಂ ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟರು.

“ಹಳೇದು ಎಲ್ಲಿಂದ ಬರ್ತಿತ್ತು ಅಂತ ಹೇಳ್ದಿದ್ರೆ ಹೊಸದರಲ್ಲಿ ಸುದ್ದಿ ಏನಿದೆ? ಇರ್ಲಿ, ತೆಗೀಬೇಡ.”

ಆ ಸಾಲು ಉಳಿಯಿತು. ಸುದ್ದಿಯನ್ನು ಯಾವ ಪುಟಕ್ಕೆ ಹಾಕಬೇಕೆಂಬುದು ನನ್ನ ಕೈಯಲ್ಲಿರಲಿಲ್ಲ. ಧಾರಣೆಯ ಕೆಳಗೆ ಜಾಗ ಮಿಕ್ಕಿತ್ತು, ಅಚ್ಚಿನ ಮನೆಯವರು ಅಲ್ಲಿ ಕೂರಿಸಿದರು.

ಪತ್ರಿಕೆ ಬಂದ ಬೆಳಿಗ್ಗೆ ನಾನು ಒಂದು ಪ್ರತಿಯನ್ನು ಮೇಡಂಗೆ ಕೊಡಲು ಹೋದೆ. ಅವರು ಅಜ್ಜಿಯ ಮನೆಯ ಪಡಸಾಲೆಯಲ್ಲಿದ್ದರು. ಅಜ್ಜಿ ಮಂಚದ ಮೇಲೆ ಕೂತು ರವಿಕೆಯ ತೋಳು ಮೇಲಕ್ಕೆ ಮಡಿಸಿದ್ದರು. ಮೇಡಂ ಸಿರಿಂಜಿಗೆ ಔಷಧಿ ಎಳೆದುಕೊಂಡು ಬೆಳಕಿಗೆ ಹಿಡಿದಿದ್ದರು. ಸೊಸೆ ಹೊಸಿಲ ಹತ್ತಿರ ಕೂತು ಧಾರಣೆ ಓದುತ್ತಿದ್ದಳು. ಧಾರಣೆ ಮುಗಿಯಿತು. ಕೆಳಗೆ ಇನ್ಸುಲಿನ್ ಎಂಬ ಪದ ಕಂಡು, ಅಜ್ಜಿಗೆ ಸಂಬಂಧಪಟ್ಟದ್ದೆಂದು ಖುಷಿಯಿಂದ ಅದನ್ನೂ ಓದಿದಳು.

“ಏನಂದೆ? ಇನ್ನೊಂದ್ ಸಲ ಓದು” ಎಂದರು ಅಜ್ಜಿ.

ಸೊಸೆ ಆ ಸಾಲನ್ನು ಮತ್ತೆ ಓದಿದಳು. ಓದುವಾಗಲೇ ಅವಳ ದನಿ ಇಳಿಯಿತು. ಅಜ್ಜಿ ಮಡಿಸಿದ್ದ ತೋಳನ್ನು ಕೆಳಗೆ ಎಳೆದುಕೊಂಡರು.

“ಟೀಚರಮ್ಮ, ನಿಂಗೆ ಇದು ಗೊತ್ತಿತ್ತಾ?”

“ಗೊತ್ತಿತ್ತು ಅಜ್ಜಿ.”

“ಯಾವಾಗಿಂದ?”

“ಮೊದಲಿಂದ್ಲೂ.”

“ಅದ್ಕೇಯಾ ನೀನು ಚುಚ್ಕೊಳ್ದೆ ಇರೋದು?”

ಮೇಡಂ ಬೆಳಕಿಗೆ ಹಿಡಿದಿದ್ದ ಸಿರಿಂಜನ್ನು ಕೆಳಗಿಳಿಸಿದರು. ಅಜ್ಜಿ ದನಿ ಏರಿಸಲಿಲ್ಲ.

“ನಿನ್ ಲಿಂಗ ಲಿಂಗ. ನನ್ನದು ಬರೀ ಕಲ್ಲು ಅಲ್ವಾ.”

ಮೇಡಂ ಸಿರಿಂಜಿನ ಔಷಧಿಯನ್ನು ಅಂಗಳದ ಮಣ್ಣಿಗೆ ಚೆಲ್ಲಿ, ಸಿರಿಂಜನ್ನು ತೊಳೆದಿಟ್ಟು ಮನೆಗೆ ಹೋದರು.

ಅಜ್ಜಿ ಔಷಧಿ ನಿಲ್ಲಿಸಿದರು. ಮಗ ಅಂಗಡಿ ಬಿಟ್ಟು ಬಂದು ಕೈಮುಗಿದು ಕೇಳಿಕೊಂಡರೂ ಒಪ್ಪಲಿಲ್ಲ. ಮನೆಯವರು ಡಾಕ್ಟರನ್ನು ಕರೆಸಿದರು. ಹೀಗೆ ಬಿಟ್ಟರೆ ಪ್ರಜ್ಞೆ ತಪ್ಪುತ್ತದೆ, ಆಮೇಲೆ ತಮ್ಮ ಕೈಯಲ್ಲೂ ಇರುವುದಿಲ್ಲ ಎಂದು ಅವರು ಹೇಳಿಹೋದರು. ಮಗ ತಾವು ನಡೆದುಕೊಳ್ಳುವ ಮಠಕ್ಕೆ ಹೋಗಿ ಅಲ್ಲಿಯ ಹಿರಿಯ ಸ್ವಾಮಿಗಳನ್ನು ಕಂಡು ಬಂದರು. ಜೀವ ಉಳಿಸುವ ಔಷಧಿಗೆ ದೋಷವಿಲ್ಲ, ತೆಗೆದುಕೊಳ್ಳಲಿ ಎಂದು ಅಪ್ಪಣೆಯಾಗಿತ್ತು. ಅಜ್ಜಿ ಮಲಗಿದ್ದಲ್ಲಿಂದಲೇ ಅದನ್ನು ಕೇಳಿಸಿಕೊಂಡರು.

“ಬುದ್ದಿಯವ್ರು ಹೇಳ್ತಾರೆ ಬುಡು. ಅವ್ರೇನ್ ಚುಚ್ಕೊಂಡವ್ರಾ?”

ಇಷ್ಟು ದಿನವೂ ಮೇಡಂ ಸ್ಕೂಲಿಗೆ ಹೋಗಿ ಬರುತ್ತಿದ್ದರು. ಅಜ್ಜಿಯ ಮನೆಗೆ ಕಾಲಿಡಲಿಲ್ಲ, ಅವರನ್ನು ಯಾರೂ ಕರೆಯಲೂ ಇಲ್ಲ. ಬೀದಿಯ ಹೆಂಗಸರು ನಲ್ಲಿಯ ಹತ್ತಿರ ಅವರು ಬಂದಾಗ ಮಾತು ನಿಲ್ಲಿಸುತ್ತಿದ್ದರು. ಅಜ್ಜಿಗೆ ಬಾಯಾರಿಕೆ ಹೆಚ್ಚಿತು. ಬಿಂದಿಗೆ ನೀರು ಮಂಚದ ಪಕ್ಕದಲ್ಲೇ ಇಟ್ಟಿದ್ದರು. ಮಾತು ತೊದಲತೊಡಗಿತು. ಇದನ್ನೆಲ್ಲ ನಾನೇ ಹೋಗಿ ಮೇಡಂಗೆ ಹೇಳುತ್ತಿದ್ದೆ. ಸ್ವಾಮಿಗಳ ವಿಷಯದಲ್ಲಿ ಅಜ್ಜಿ ಹೇಳಿದ ಮಾತನ್ನೂ ಹೇಳಿದೆ. ಅದನ್ನು ಕೇಳಿ ಅವರು, ನಾಳೆ ಬೆಳಿಗ್ಗೆ ಬಾ ಎಂದಷ್ಟೇ ಹೇಳಿದರು.

ಬೆಳಿಗ್ಗೆ ನಾನು ಹೋದಾಗ ಅವರ ಪೂಜೆ ಆಗಿತ್ತು. ಇನ್ನೂ ಏನನ್ನೂ ಬಾಯಿಗೆ ಹಾಕಿರಲಿಲ್ಲ. ಮಡಕೆಯಿಂದ ಬಾಟಲಿ ತೆಗೆದುಕೊಂಡು ಪಕ್ಕದ ಮನೆಗೆ ನಡೆದರು. ಪಡಸಾಲೆಯಲ್ಲಿ ಅಜ್ಜಿಯ ಮಗ ಮತ್ತು ಸೊಸೆ ಇದ್ದರು. ಮೇಡಂ ಯಾರನ್ನೂ ಕೇಳದೆ ಮಂಚದ ಮುಂದೆ ನೆಲದ ಮೇಲೆ ಕೂತರು. ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡರು. ಬಲಗೈಯಲ್ಲಿ ಬಾಟಲಿಯನ್ನು ಅದರ ಮುಂದೆ ಹಿಡಿದರು. ಊಟದ ತಟ್ಟೆಯನ್ನು ಎಷ್ಟು ಹೊತ್ತು ಹಿಡಿಯುತ್ತಿದ್ದರೋ ಅಷ್ಟೇ ಹೊತ್ತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಅಜ್ಜಿ ಕಣ್ಣು ತೆರೆದು ನೋಡುತ್ತಿದ್ದರು.

ಲಿಂಗವನ್ನು ಮತ್ತೆ ಕರಡಿಗೆಯೊಳಗಿಟ್ಟು, ಸೊಸೆ ಕುದಿಸಿ ತಂದ ಸಿರಿಂಜಿಗೆ ತಮಗೆ ಡಾಕ್ಟರು ಬರೆದಿದ್ದ ಪ್ರಮಾಣವನ್ನು ಎಳೆದುಕೊಂಡರು. ಗೋಡೆಯ ಕಡೆ ತಿರುಗಿದರು. ನಾನು ಮತ್ತು ಅಜ್ಜಿಯ ಮಗ ಜಗಲಿಗೆ ಬಂದೆವು. ಅವರು ಚುಚ್ಚಿಕೊಂಡದ್ದನ್ನು ನಾನು ನೋಡಿಲ್ಲ. ಒಳಗೆ ಹೋದಾಗ ಸಿರಿಂಜು ಖಾಲಿಯಾಗಿತ್ತು. ಮೇಡಂ ಚುಚ್ಚಿಕೊಂಡ ಜಾಗವನ್ನು ಸೀರೆಯ ಮೇಲಿಂದಲೇ ತೊಡೆಗೆ ಒತ್ತಿ ಹಿಡಿದಿದ್ದರು.

“ಈಗ ನಿಮ್ಮದೂ ನನ್ನದೂ ಒಂದೇ ಅಜ್ಜಿ. ತೋಳು ಕೊಡಿ.”

ಅಜ್ಜಿ ಮೇಡಂ ಮುಖವನ್ನು ನೋಡಿದರು, ಅವರ ಕೈಯಲ್ಲಿದ್ದ ಸಿರಿಂಜನ್ನು ನೋಡಿದರು.

“ಸೂಜಿ ಬೇಯ್ಸ್ಕೊಂಡು ಬಾ ಮೊದ್ಲು” ಎಂದರು.

ಸೊಸೆ ಅಳುತ್ತಲೇ ಒಲೆಯ ಹತ್ತಿರ ಓಡಿದಳು. ಅಜ್ಜಿ ಅವತ್ತು ಸಂಜೆಯ ಹೊತ್ತಿಗೆ ಗಂಜಿ ಕುಡಿದರು. ಅವರು ಎದ್ದು ಓಡಾಡುವಂತಾಗಲು ಇನ್ನೂ ಕೆಲವು ವಾರ ಹಿಡಿಯಿತು.

ಅಷ್ಟು ವರ್ಷ ಹೇಳದೆ ಇದ್ದದ್ದು ಯಾಕೆ ಎಂದು ನಾನು ಒಂದೇ ಸಲ ಕೇಳಿದ್ದೇನೆ. ಅವರು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದರು, ತಲೆ ಎತ್ತಲಿಲ್ಲ.

“ಅಜ್ಜಿ ಬದುಕ್ಬೇಕಿತ್ತು. ನಾನು ಮಡಿಯಾಗಿರ್ಬೇಕಿತ್ತು. ಎರಡೂ ಆಗುತ್ತೆ ಅಂದ್ಕೊಂಡಿದ್ದೆ.”

ಆಮೇಲೆ ನನ್ನ ಫ್ಲಾಸ್ಕಿನಲ್ಲಿ ಎರಡು ಬಾಟಲಿ ಬರತೊಡಗಿದವು. ಇಬ್ಬರಿಗೂ ಒಂದೇ ಹೊತ್ತಿಗೆ, ಅದೇ ಪಡಸಾಲೆಯಲ್ಲಿ, ಮೊದಲು ಮೇಡಂ, ಆಮೇಲೆ ಅಜ್ಜಿ. ಈ ಸರದಿಯನ್ನು ಅಜ್ಜಿ ಒಂದು ದಿನವೂ ಬದಲಾಯಿಸಲು ಬಿಡಲಿಲ್ಲ. ಮೇಡಂ ಮಾತ್ರ ಹಳೆಯ ಔಷಧಿಯನ್ನು ಸರಿ ಎಂದು ಒಮ್ಮೆಯೂ ಹೇಳಲಿಲ್ಲ. ದಿನಾ ಲಿಂಗದ ಮುಂದೆ ಹಿಡಿಯುತ್ತಿದ್ದರು, ದಿನಾ ತೆಗೆದುಕೊಳ್ಳುತ್ತಿದ್ದರು, ಹೊಸದಕ್ಕೆ ಕಾಯುತ್ತಿದ್ದರು. ನಾನು ಫ್ಲಾಸ್ಕ್ ಹಿಡಿದು ಬಾಗಿಲಿಗೆ ಬಂದಾಗಲೆಲ್ಲ ಮೊದಲ ಮಾತು “ಬಂತಾ?” ಎಂಬುದು. ಇಲ್ಲ ಮೇಡಂ ಎಂದರೆ ಬಾಟಲಿ ತೆಗೆದುಕೊಂಡು ಮಡಕೆಗಿಡುತ್ತಿದ್ದರು.

ಇದಾದ ಮೇಲೆ ಒಂದು ಜೀವಿಯ ವಂಶವಾಹಿಯನ್ನು ಇನ್ನೊಂದಕ್ಕೆ ಸೇರಿಸಿದ ಸುದ್ದಿಗಳು ಆಗಾಗ ಬರತೊಡಗಿದವು. ಎಲ್ಲವನ್ನೂ ಅವರಿಗೆ ತೋರಿಸಿಯೇ ಅಚ್ಚಿಗೆ ಕೊಡುತ್ತಿದ್ದೆ. ಸುಂಡಿಲಿಯ ಭ್ರೂಣಕ್ಕೆ ದೊಡ್ಡ ಜಾತಿಯ ಇಲಿಯ ಬೆಳವಣಿಗೆಯ ವಂಶವಾಹಿ ಸೇರಿಸಿ, ಮಾಮೂಲಿಗಿಂತ ಬಹಳ ದೊಡ್ಡ ಸುಂಡಿಲಿ ಹುಟ್ಟಿಸಿದ ಸುದ್ದಿಗೆ ನಾನು ‘ರಾಕ್ಷಸ ಇಲಿ’ ಎಂದು ಬರೆದಿದ್ದೆ.

“ಯಾರನ್ನಾದ್ರೂ ಕಚ್ಚಿತಂತಾ?”

“ಇಲ್ಲ ಮೇಡಂ, ಬೆಳೆದಿದೆ ಅಷ್ಟೆ.”

“ಹಂಗಾದ್ರೆ ಬೆಳೆದಿದೆ ಅಂತ ಬರಿ.”

ಸುದ್ದಿ ಬಂದ ದಿನ ಗುಬ್ಬಿ ರೈಲ್ವೆ ಸ್ಟೇಷನ್ನಿನ ಎದುರು ಕಾಫಿ ಕುಡಿಯುವಾಗ ಹೋಟೆಲಿನವನು ಪತ್ರಿಕೆ ಮಡಿಸಿಟ್ಟು, “ಇರೋ ಇಲಿಗಳೇ ಅಕ್ಕಿ ಚೀಲ ಉಳಿಸ್ತಿಲ್ಲ ಸ್ವಾಮಿ, ಇದೊಂದ್ ಬೇರೆ ಬೇಕಿತ್ತಾ ಅವ್ರಿಗೆ” ಎಂದ. ಅದನ್ನು ಮೇಡಂಗೆ ಹೇಳಿದೆ. ಅವರು ಬಹಳ ನಕ್ಕರು. ಅದು ಸರಿಯಾದ ಪ್ರಶ್ನೆ, ಅವನ ಹೆಸರು ಹಾಕಿ ಅದನ್ನೂ ಅಚ್ಚು ಮಾಡಬೇಕಿತ್ತು ಎಂದರು. 1983ರಲ್ಲಿ ಹೊಗೆಸೊಪ್ಪಿನ ಗಿಡಕ್ಕೆ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಸೇರಿಸಿದ ಸುದ್ದಿ ಬಂದಾಗ ಮಾತ್ರ ನಗಲಿಲ್ಲ. ಇನ್ನು ಇದು ಲ್ಯಾಬಿನಿಂದ ಹೊಲಕ್ಕೆ ಬರುತ್ತದೆ, ಆಗ ಯಾರೋ ಒಬ್ಬರು ಹೊಲದವರಿಗೆ ಒಳಗೆ ಏನಿದೆ ಅಂತ ಮುಂಚೆಯೇ ಹೇಳಬೇಕು ಎಂದರು. ಹೇಳುವ ಕೆಲಸ ಪತ್ರಿಕೆಯದು ಎಂದೂ ಸೇರಿಸಿದರು. ಅಲ್ಲಿಂದ ಈಚೆಗೆ ನಾನು ಯಾವ ಔಷಧಿ, ಬೀಜ, ಗೊಬ್ಬರದ ಸುದ್ದಿ ಬರೆದರೂ ಅದು ಯಾವುದರಿಂದ ಆದದ್ದು ಎಂಬ ಒಂದು ಸಾಲು ಇರುತ್ತದೆ. ಜಾಗವಿಲ್ಲವೆಂದು ಬೇರೆ ಸಾಲು ತೆಗೆದರೂ ಅದನ್ನು ತೆಗೆಯಲು ಬಿಡುವುದಿಲ್ಲ.

1985ರಲ್ಲಿ ಅವರು ನಿವೃತ್ತರಾದರು. ಇಂಜೆಕ್ಷನ್ ತಡವಾಗಿ ಶುರುವಾಗಿದ್ದರಿಂದ ಕಣ್ಣು ಆ ಹೊತ್ತಿಗೆ ಮಸುಕಾಗಿತ್ತು. ಸಿರಿಂಜಿನ ಗೆರೆ ಕಾಣದಾದಾಗ ಅಜ್ಜಿಯ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದರು. ಕಲಿಯುವಾಗ ಅವಳು ಮೊದಲು ಚುಚ್ಚಿದ್ದು ಮೇಡಂ ತೋಳಿಗೆ. ನೋವಾಯಿತೇ ಎಂದು ಕೇಳಿದ್ದಕ್ಕೆ, “ಆಯ್ತು, ಇನ್ನೊಂಚೂರು ಓರೆ ಮಾಡು, ಅಜ್ಜಿ ಬಯ್ತಾರೆ” ಎಂದರಂತೆ.

1987ರ ಮಳೆಗಾಲದಲ್ಲಿ ಮೂತ್ರಪಿಂಡ ಕೆಲಸ ನಿಲ್ಲಿಸಿತು. ತುಮಕೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದರು. ಕಚೇರಿಯಿಂದ ನಡೆದು ಹೋಗಿ ನೋಡುತ್ತಿದ್ದೆ. ಕೊನೆಯ ಸಲ ಹೋದಾಗ ಹೆಜ್ಜೆಯ ಸಪ್ಪಳದಲ್ಲೇ ಗುರುತು ಹಿಡಿದು, ಅಜ್ಜಿಗೆ ಔಷಧಿ ತಲುಪಿಸಿದೆಯಾ ಎಂದು ಕೇಳಿದರು. ತಲುಪಿಸಿದೆ ಎಂದೆ. ಆ ವಾರದಲ್ಲೇ ತೀರಿಕೊಂಡರು. ತಮ್ಮಂದಿರು ಬಂದು ತವರಿಗೆ ಕರೆದೊಯ್ದು, ಮಾರ್ಕೋನಹಳ್ಳಿ ನಾಲೆಯ ಪಕ್ಕದ ಜಮೀನಿನಲ್ಲಿ ಸಮಾಧಿ ಮಾಡಿದರು. ಅಜ್ಜಿಯ ಮಗ, ಸೊಸೆ ಇಬ್ಬರೂ ಬಂದಿದ್ದರು. ಅಜ್ಜಿ ಬರುವ ಸ್ಥಿತಿಯಲ್ಲಿರಲಿಲ್ಲ.

ಈಗ, 1989ರ ಡಿಸೆಂಬರಿನಲ್ಲಿ, ತುಮಕೂರಿನ ಮೆಡಿಕಲ್ ಸ್ಟೋರುಗಳಲ್ಲಿ ಮತ್ತೆ ವಿಚಾರಿಸಿದೆ. ಬ್ಯಾಕ್ಟೀರಿಯಾದಿಂದ ಮಾಡಿದ ಇನ್ಸುಲಿನ್ ಇಲ್ಲಿಗೆ ಇನ್ನೂ ಬಂದಿಲ್ಲ ಎಂದರು. ಅಜ್ಜಿ ಇದ್ದಾರೆ. ಹಳೆಯದನ್ನೇ ತೆಗೆದುಕೊಳ್ಳುತ್ತಿದ್ದಾರೆ.